ಭಾಗಶಃ ಸೆಳವು: ಔಷಧ ಚಿಕಿತ್ಸೆಯ ಇತಿಹಾಸ

ಮಿದುಳಿನ ಒಂದು ಅರ್ಧಗೋಳದ ಯಾವುದೋ ಒಂದು ನಿರ್ದಿಷ್ಟ ಜಾಗದಲ್ಲಿ ನರಕೋಶಗಳು ಒಮ್ಮೆಲೇ ಅತಿಯಾಗಿ ಉದ್ರೇಕಗೊಂಡಾಗ ಕಾಣಿಸಿಕೊಳ್ಳುವ ಸೆಳವಿಗೆ ಭಾಗಶಃ ಸೆಳವು ಎಂದು ಹೆಸರು. ಒಂದು ಕೈಯ ಹೆಬ್ಬೆರಳು ತಾನಾಗಿಯೇ ಅದುರತೊಡಗುವುದು, ಇಲ್ಲದ ವಾಸನೆ ಮೂಗಿಗೆ ಬಡಿದಂತಾಗುವುದು, ಎಚ್ಚರವಿದ್ದಂತೆ ಕಂಡರೂ ಕೆಲವು ನಿಮಿಷ ಮಾತಿಗೆ ಓಗೊಡದೆ ಬಾಯಿ ಚಪ್ಪರಿಸುತ್ತ ಬಟ್ಟೆಯನ್ನು ಹಿಂಡುತ್ತ ಕೂರುವುದು ಇವೆಲ್ಲ ಅದರ ರೂಪಗಳು; ಆ ಉದ್ರೇಕ ಎರಡೂ ಅರ್ಧಗೋಳಗಳಿಗೆ ಹರಡಿದರೆ ಮೈಯೆಲ್ಲ ಸೆಟೆದು ಬಡಿದುಕೊಳ್ಳುವ, ಜನ ಸಾಮಾನ್ಯವಾಗಿ ಫಿಟ್ಸ್ ಎಂದು ಗುರುತಿಸುವ ಸ್ಥಿತಿ ಉಂಟಾಗುತ್ತದೆ. ಅಪಸ್ಮಾರದ ಔಷಧಗಳ ಇತಿಹಾಸವನ್ನು ಹೇಳುವ ಬರಹಗಳು ಬ್ರೋಮೈಡಿನಿಂದ ಇಂದಿನ ಗುಳಿಗೆಗಳವರೆಗೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿ, ಪ್ರತಿಯೊಂದು ಹೊಸ ಔಷಧವೂ ಹಿಂದಿನದಕ್ಕಿಂತ ಮೇಲು ಎಂಬ ಭಾವನೆ ಬರುವಂತೆ ನಿರೂಪಿಸುವುದು ವಾಡಿಕೆ. ದಾಖಲೆಗಳು ಆ ನಿರೂಪಣೆಗೆ ಪೂರ್ತಿ ಒಪ್ಪುವುದಿಲ್ಲ. ಮೊದಲ ಎಂಟು ದಶಕ ಸೆಳವಿನ ಬಗೆಯನ್ನು ವಿಂಗಡಿಸದೆಯೇ ಔಷಧ ಕೊಡಲಾಗುತ್ತಿತ್ತು. ಭಾಗಶಃ ಸೆಳವಿಗೆ ಯಾವ ಔಷಧ ತಕ್ಕದ್ದು ಎಂಬ ಪ್ರಶ್ನೆ ಗಂಭೀರ ಪರೀಕ್ಷೆಗೆ ಒಳಗಾದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಮೊದಲ ಗೊಂದಲ ಬ್ರೋಮೈಡಿಗೆ ಸಂಬಂಧಿಸಿದ್ದು. 1857ರ ಮೇ 11ರಂದು ಲಂಡನ್ನಿನ ರಾಯಲ್ ಮೆಡಿಕಲ್ ಅಂಡ್ ಕೈರರ್ಜಿಕಲ್ ಸೊಸೈಟಿಯಲ್ಲಿ ಚಾರ್ಲ್ಸ್ ಲೋಕಾಕ್ ಪೊಟ್ಯಾಸಿಯಂ ಬ್ರೋಮೈಡಿನ ಬಗ್ಗೆ ಪ್ರಬಂಧ ಮಂಡಿಸಿದನೆಂದು ಹಲವು ಪುಸ್ತಕಗಳು ಹೇಳುತ್ತವೆ. ಆ ದಿನದ ಪ್ರಬಂಧ ಎಡ್ವರ್ಡ್ ಸೀವ್‌ಕಿಂಗ್‌ನದು. ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯನಾಗಿದ್ದ ಲೋಕಾಕ್ ಅದರ ಮೇಲಿನ ಚರ್ಚೆಯಲ್ಲಿ ಎದ್ದುನಿಂತು, ಮುಟ್ಟಿನ ಅವಧಿಗೆ ಹೊಂದಿಕೊಂಡು ಸೆಳವು ಬರುತ್ತಿದ್ದ ಕೆಲವು ಹೆಂಗಸರಿಗೆ ಬ್ರೋಮೈಡ್ ಕೊಟ್ಟು ಗುಣ ಕಂಡೆನೆಂದು ತಿಳಿಸಿದನು. ಲೈಂಗಿಕ ಉದ್ವೇಗವೇ ಇಂಥ ಸೆಳವಿಗೆ ಕಾರಣ, ಬ್ರೋಮೈಡ್ ಅದನ್ನು ತಗ್ಗಿಸುತ್ತದೆ ಎಂಬ ಅವನ ತರ್ಕ ತಪ್ಪಾಗಿತ್ತು, ಆದರೆ ಔಷಧ ಕೆಲಸ ಮಾಡಿತು. ಆ ಹೆಂಗಸರಲ್ಲಿ ಎಷ್ಟು ಮಂದಿಯ ಸೆಳವು ಭಾಗಶಃ ಬಗೆಯದು ಎಂದು ಈಗ ನಿರ್ಧರಿಸಲು ಬರುವುದಿಲ್ಲ, ಏಕೆಂದರೆ ಆ ವಿಂಗಡಣೆಯೇ ಆಗ ವೈದ್ಯರ ಕೈಯಲ್ಲಿರಲಿಲ್ಲ.

ವಿಂಗಡಣೆಗೆ ತಳಹದಿ ಹಾಕಿದವನು ಜಾನ್ ಹ್ಯೂಲಿಂಗ್ಸ್ ಜಾಕ್ಸನ್. ಒಂದು ಬದಿಯ ಬೆರಳಿನಲ್ಲೋ ಬಾಯಿಯ ಅಂಚಿನಲ್ಲೋ ಶುರುವಾಗಿ ಕ್ರಮವಾಗಿ ಮೇಲೇರುವ ಸೆಳವನ್ನು ಫ್ರಾನ್ಸಿನ ಬ್ರಾವೆ 1827ರಲ್ಲಿಯೇ ವರ್ಣಿಸಿದ್ದನಾದರೂ, ಅದು ಮಿದುಳಿನ ಹೊರಪದರದ ಒಂದು ನಿರ್ದಿಷ್ಟ ತಾಣದಲ್ಲಿ ಆಗುವ ಅತಿಸ್ಫುರಣದ ಫಲವೆಂದು 1870ರ ದಶಕದಲ್ಲಿ ವಾದಿಸಿದವನು ಜಾಕ್ಸನ್. ಗಮನಿಸಬೇಕಾದದ್ದೆಂದರೆ, ಈ ತಿಳಿವಳಿಕೆಯಿಂದ ತಕ್ಷಣ ಪ್ರಯೋಜನ ಪಡೆದದ್ದು ಶಸ್ತ್ರಚಿಕಿತ್ಸೆ: 1886ರಲ್ಲಿ ವಿಕ್ಟರ್ ಹಾರ್ಸ್ಲಿ ಸೆಳವಿನ ತಾಣವನ್ನು ಹುಡುಕಿ ಕತ್ತರಿಸಿ ತೆಗೆದನು. ಔಷಧಶಾಲೆಯಲ್ಲಿ ಮಾತ್ರ ಎಲ್ಲ ಬಗೆಯ ಸೆಳವಿಗೂ ಅದೇ ಬ್ರೋಮೈಡ್ ಮುಂದುವರಿಯಿತು. 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹಾಪ್ಟ್‌ಮಾನ್, ನಿದ್ರೆಗೆಂದು ತಯಾರಾದ ಫಿನೊಬಾರ್ಬಿಟಾಲ್ ಸೆಳವನ್ನೂ ತಗ್ಗಿಸುತ್ತದೆಂದು ಕಂಡುಕೊಂಡ ಮೇಲೂ ಸ್ಥಿತಿ ಬದಲಾಗಲಿಲ್ಲ. ಎರಡು ಔಷಧಗಳಲ್ಲಿ ಒಂದನ್ನು ಆರಿಸುವುದಕ್ಕೆ ಮಂಪರು ಎಷ್ಟು, ಚರ್ಮದ ತೊಂದರೆ ಎಷ್ಟು ಎಂಬುದೇ ಆಧಾರವಾಗಿತ್ತು.

ನಿಜವಾದ ತಿರುವು ಬಾಸ್ಟನ್ ನಗರದಲ್ಲಿ ಬಂದಿತು. ಅಲ್ಲಿನ ಟ್ರೇಸಿ ಪಟ್ನಮ್ ಮತ್ತು ಹೂಸ್ಟನ್ ಮೆರಿಟ್ ಬೆಕ್ಕುಗಳಿಗೆ ಅಳತೆಯ ವಿದ್ಯುತ್ ಹಾಯಿಸಿ ಸೆಳವು ಬರಿಸಿ, ಯಾವ ರಾಸಾಯನಿಕ ಕೊಟ್ಟಾಗ ಸೆಳವಿಗೆ ಹೆಚ್ಚು ವಿದ್ಯುತ್ ಬೇಕಾಗುತ್ತದೆಂದು ಒಂದೊಂದಾಗಿ ನೋಡುತ್ತಹೋದರು. ಪಾರ್ಕ್-ಡೇವಿಸ್ ಕಂಪನಿ ಕಳಿಸಿದ ಸಂಯುಕ್ತಗಳಲ್ಲಿ ಫಿನಿಟಾಯಿನ್ ಇತ್ತು. ಅದನ್ನು ಹೈನ್‌ರಿಶ್ ಬಿಲ್ಟ್ಸ್ 1908ರಲ್ಲಿಯೇ ತಯಾರಿಸಿದ್ದರೂ, ನಿದ್ರೆ ಬರಿಸದ ಕಾರಣಕ್ಕೆ ಅದರತ್ತ ಯಾರೂ ಗಮನ ಹರಿಸಿರಲಿಲ್ಲ. 1938ರಲ್ಲಿ ಪ್ರಕಟವಾದ ಅವರ ವರದಿಯ ಮಹತ್ವವನ್ನು ಸಾಮಾನ್ಯವಾಗಿ ಮಂಪರಿಲ್ಲದ ಮೊದಲ ಔಷಧ ಎಂಬ ಮಾತಿನಲ್ಲಿ ಮುಗಿಸಲಾಗುತ್ತದೆ. ಇನ್ನೂ ದೊಡ್ಡ ಸಂಗತಿಯೊಂದು ಆ ವರ್ಷಗಳ ಅನುಭವದಲ್ಲಿ ಅಡಗಿತ್ತು: ಮೈಯೆಲ್ಲ ಬಡಿದುಕೊಳ್ಳುವ ಸೆಳವಿಗೂ, ಪ್ರಜ್ಞೆ ಮಸುಕಾಗಿ ಅರ್ಥವಿಲ್ಲದ ಚಲನೆಗಳು ಕಾಣುವ, ಆಗ ಸೈಕೋಮೋಟರ್ ಎಂದು ಕರೆಯುತ್ತಿದ್ದ ಸೆಳವಿಗೂ ಫಿನಿಟಾಯಿನ್ ಹಿಡಿತ ತಂದರೆ, ಮಕ್ಕಳು ಕೆಲವು ಕ್ಷಣ ಶೂನ್ಯದತ್ತ ನೋಡುತ್ತ ನಿಲ್ಲುವ ಪೆಟಿ ಮಾಲ್ ಬಗೆಗೆ ಅದು ಪ್ರಯೋಜನವಾಗಲಿಲ್ಲ. 1945ರಲ್ಲಿ ವಿಲಿಯಂ ಲೆನಾಕ್ಸ್ ಪೆಟಿ ಮಾಲ್‌ಗೆ ಟ್ರೈಮೆಥಡಯೋನ್ ಎಂಬ ಬೇರೆಯೇ ಔಷಧ ತಕ್ಕದ್ದೆಂದು ತೋರಿಸಿದಾಗ, ಸೆಳವಿನ ಬಗೆಯನ್ನು ಗುರುತಿಸಿ ಅದಕ್ಕೆ ತಕ್ಕ ಔಷಧ ಆರಿಸಬೇಕೆಂಬ ತತ್ತ್ವ ಗಟ್ಟಿಯಾಯಿತು. ಇದೇ ಕಾಲದಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರ ಬಳಕೆಗೆ ಬಂದದ್ದು ಈ ತತ್ತ್ವಕ್ಕೆ ಬಲ ತಂದಿತು.

ಕಾರ್ಬಮಜೆಪಿನ್‌ನ ಕತೆಯಲ್ಲಿ ಕಾಲಾನುಕ್ರಮವೇ ಹಲವರಿಗೆ ತಲೆಕೆಳಗಾಗಿ ಕಂಡಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯಲ್ಲಿ ವಾಲ್ಟರ್ ಶಿಂಡ್ಲರ್ 1953ರಲ್ಲಿ ಇದನ್ನು ತಯಾರಿಸಿದನು. 1962ರಲ್ಲಿ ಸ್ವೀಡನ್ನಿನ ಬ್ಲೂಮ್, ಮುಖದ ನರವೊಂದರಲ್ಲಿ ಮಿಂಚಿನಂತೆ ಹೊಡೆಯುವ ಟ್ರೈಜೆಮಿನಲ್ ನೋವಿಗೆ ಇದು ಒಳ್ಳೆಯ ಮದ್ದೆಂದು ವರದಿ ಮಾಡಿದನು. ಅಮೆರಿಕದಲ್ಲಿಯೂ ಮೊದಲ ಅನುಮತಿ ಸಿಕ್ಕಿದ್ದು 1968ರಲ್ಲಿ ಆ ನೋವಿಗೆ, ಅಪಸ್ಮಾರಕ್ಕೆ ದೊರೆತದ್ದು 1974ರಲ್ಲಿ. ಇದರಿಂದ ಕಾರ್ಬಮಜೆಪಿನ್ ನೋವಿನ ಔಷಧವಾಗಿ ಹುಟ್ಟಿ ಆಕಸ್ಮಿಕವಾಗಿ ಸೆಳವಿನ ಕಡೆಗೆ ಬಂತೆಂಬ ಮಾತು ಹರಡಿದೆ. ವಾಸ್ತವದಲ್ಲಿ ಅದರ ಸೆಳವುನಿರೋಧಕ ಗುಣ ಮೊದಲೇ ಗೊತ್ತಿತ್ತು. ಆ ಮುಖದ ನೋವೂ ಸೆಳವಿನಂಥದೇ ಒಂದು ನರೋದ್ರೇಕ ಎಂಬ ಊಹೆಯೇ ಅದನ್ನು ನೋವಿಗೆ ಬಳಸಲು ಪ್ರೇರಣೆಯಾಗಿತ್ತು, ಮತ್ತು ಯೂರೋಪಿನ ವೈದ್ಯರು 1960ರ ದಶಕದಲ್ಲಿಯೇ ಅಪಸ್ಮಾರಕ್ಕೆ ಅದನ್ನು ಕೊಡುತ್ತಿದ್ದರು. ಫಿನಿಟಾಯಿನ್ ಮತ್ತು ಕಾರ್ಬಮಜೆಪಿನ್ ಎರಡೂ ನರಕೋಶದ ಸೋಡಿಯಂ ಕಾಲುವೆಗಳ ಮೇಲೆ ಕೆಲಸ ಮಾಡುತ್ತವೆ. ಸಾಮಾನ್ಯ ಸಂಕೇತಗಳನ್ನು ಹೆಚ್ಚಾಗಿ ಬಾಧಿಸದೆ, ಮೇಲಿಂದ ಮೇಲೆ ವೇಗವಾಗಿ ಉದ್ರೇಕಗೊಳ್ಳುವ ಕೋಶಗಳನ್ನೇ ಹೆಚ್ಚಾಗಿ ತಡೆಯುತ್ತವೆ ಎಂಬುದು ಅನಂತರ ತಿಳಿಯಿತು.

ಈ ನಡುವೆ ಮಾತ್ರೆಯ ಪ್ರಮಾಣದ ವಿಷಯದಲ್ಲಿ ಒಂದು ಪಾಠ ಆಸ್ಟ್ರೇಲಿಯದಿಂದ ಬಂದಿತು. 1968ರ ಸುಮಾರಿಗೆ ಅಲ್ಲಿ ಫಿನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಅನೇಕರಿಗೆ ಪ್ರಮಾಣ ಬದಲಿಸದೆಯೇ ತಲೆಸುತ್ತು, ನಡಿಗೆಯಲ್ಲಿ ತೂರಾಟ ಶುರುವಾಯಿತು. ಕ್ಯಾಪ್ಸೂಲ್ ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಬಳಸಿದ್ದೇ ಕಾರಣವೆಂದು ಪತ್ತೆಯಾಯಿತು: ಹೊಸ ಪುಡಿಯೊಂದಿಗೆ ಔಷಧ ಹೆಚ್ಚು ಹೀರಿಕೆಯಾಗುತ್ತಿತ್ತು. ಯಕೃತ್ತು ಫಿನಿಟಾಯಿನ್ ಅನ್ನು ಒಂದು ಮಿತಿಯವರೆಗೆ ಮಾತ್ರ ಕರಗಿಸಬಲ್ಲದು, ಆ ಮಿತಿ ದಾಟಿದರೆ ಅಲ್ಪ ಹೆಚ್ಚಳವೂ ರಕ್ತದಲ್ಲಿನ ಮಟ್ಟವನ್ನು ಬಹಳ ಏರಿಸುತ್ತದೆ. ಒಂದೇ ಔಷಧವನ್ನು ಕಂಪನಿ ಬದಲಿಸಿ ಕೊಡುವಾಗ ಇಂದಿಗೂ ವೈದ್ಯರು ತೋರುವ ಎಚ್ಚರಕ್ಕೆ ಈ ಘಟನೆಯೂ ಒಂದು ಹಿನ್ನೆಲೆ.

ಸೆಳವುಗಳಿಗೆ ಒಪ್ಪಿತ ಹೆಸರುಗಳಿಲ್ಲದೆ ಔಷಧಗಳನ್ನು ಹೋಲಿಸುವುದು ಸಾಧ್ಯವಿರಲಿಲ್ಲ. ಅಂತಾರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘ 1981ರಲ್ಲಿ ಭಾಗಶಃ ಸೆಳವನ್ನು ಪ್ರಜ್ಞೆ ಉಳಿದಿರುವ ಸರಳ ಬಗೆ, ಪ್ರಜ್ಞೆ ಕೆಡುವ ಸಂಕೀರ್ಣ ಬಗೆ ಮತ್ತು ಮುಂದೆ ಎಲ್ಲೆಡೆ ಹರಡುವ ಬಗೆ ಎಂದು ವಿಂಗಡಿಸಿತು. ಆ ಬಳಿಕ, 1985ರಲ್ಲಿ, ರಿಚರ್ಡ್ ಮ್ಯಾಟ್ಸನ್ ಮತ್ತು ಸಂಗಡಿಗರು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ ಹೊರಬಂದಿತು. 622 ವಯಸ್ಕರಿಗೆ ಕಾರ್ಬಮಜೆಪಿನ್, ಫಿನಿಟಾಯಿನ್, ಫಿನೊಬಾರ್ಬಿಟಾಲ್, ಪ್ರಿಮಿಡೋನ್ ಈ ನಾಲ್ಕರಲ್ಲಿ ಒಂದನ್ನು ಯಾದೃಚ್ಛಿಕವಾಗಿ ಹಂಚಿ, ರೋಗಿಗೂ ವೈದ್ಯನಿಗೂ ಯಾವುದೆಂದು ತಿಳಿಯದಂತೆ ನೋಡಿಕೊಂಡು, ಸೆಳವು ನಿಂತಿತೇ ಎಂಬುದರ ಜೊತೆಗೆ ರೋಗಿ ಔಷಧವನ್ನು ತಾಳಿಕೊಂಡು ಮುಂದುವರಿಸಿದನೇ ಎಂಬುದನ್ನೂ ಅಳೆಯಲಾಯಿತು. ಮೊದಲ ಎರಡು ಮುಂದೆ ನಿಂತವು, ಪ್ರಿಮಿಡೋನ್ ಹಿಂದೆ ಬಿತ್ತು. 1992ರ ಇನ್ನೊಂದು ಅಧ್ಯಯನದಲ್ಲಿ, ಸಂಕೀರ್ಣ ಭಾಗಶಃ ಸೆಳವಿಗೆ ವಾಲ್‌ಪ್ರೊಯೇಟ್‌ಗಿಂತ ಕಾರ್ಬಮಜೆಪಿನ್ ಮೇಲೆಂದು ಕಂಡುಬಂದಿತು. ಭಾಗಶಃ ಸೆಳವಿನ ಚಿಕಿತ್ಸೆ ಸ್ವತಂತ್ರ ವಿಷಯವಾಗಿ ನೆಲೆಗೊಂಡದ್ದು ಈ ಎರಡು ಅಧ್ಯಯನಗಳಿಂದ ಎಂದು ಹೇಳಲು ಸಾಕಷ್ಟು ಆಧಾರವಿದೆ.

ಭಾರತದಲ್ಲಿ ಪ್ರಶ್ನೆಗಳು ಬೇರೆಯಾಗಿದ್ದವು. 1980ರ ದಶಕದಲ್ಲಿ ಸಿ.ಟಿ. ಸ್ಕ್ಯಾನ್ ಬಂದ ಮೇಲೆ, ಭಾಗಶಃ ಸೆಳವಿನಿಂದ ಬಂದ ಅನೇಕರ ಮಿದುಳಿನಲ್ಲಿ ಉಂಗುರದಾಕಾರದ ಒಂದು ಚಿಕ್ಕ ಗಾಯ ಕಾಣತೊಡಗಿತು. ಅದು ಕ್ಷಯದ ಗಂಟೆಂದು ಭಾವಿಸಿ ಹಲವರಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡಲಾಗುತ್ತಿತ್ತು, ಆದರೆ ಸೆಳವಿನ ಔಷಧ ಮಾತ್ರ ಕೊಟ್ಟವರಲ್ಲೂ ಆ ಗಾಯ ತಾನಾಗಿಯೇ ಮಾಯವಾಗುತ್ತಿತ್ತು. ವೆಲ್ಲೂರಿನ ಚಾಂಡಿ, ರಾಜಶೇಖರ್ ಮತ್ತು ಸಹೋದ್ಯೋಗಿಗಳು ಅಂಥ ಗಾಯಗಳ ಅಂಗಾಂಶವನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಮರಿಕೋಶಗಳೆಂದು ತೋರಿಸಿದ್ದು ಸಾವಿರಾರು ರೋಗಿಗಳನ್ನು ಅನಗತ್ಯ ಚಿಕಿತ್ಸೆಯಿಂದ ಉಳಿಸಿದ ಕೆಲಸ. ಕರ್ನಾಟಕದ ಕೊಡುಗೆ ಇನ್ನೊಂದು ದಿಕ್ಕಿನಲ್ಲಿದೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಸೆಳವನ್ನು ಬೆಂಗಳೂರಿನ ಡಾ. ಕೆ.ಎಸ್. ಮಣಿ 1960ರ ದಶಕದಿಂದ ವಿವರವಾಗಿ ದಾಖಲಿಸಿದರು, 1988ರಲ್ಲಿ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವಿವರ ಪ್ರಕಟಿಸಿ, ಹೆಚ್ಚಿನವರದು ಸಂಕೀರ್ಣ ಭಾಗಶಃ ಸೆಳವೆಂದು ತಿಳಿಸಿದರು. ನೀರಿನ ಬಿಸಿ ತಗ್ಗಿಸಿದರೂ ನಿಲ್ಲದವರಿಗೆ ದಿನವೂ ಔಷಧ ಕೊಡುವ ಬದಲು, ತಲೆಸ್ನಾನಕ್ಕೆ ಸ್ವಲ್ಪ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಟ್ಟರೆ ಸಾಕಾಗುತ್ತದೆಂಬ ಪದ್ಧತಿ ದಕ್ಷಿಣ ಭಾರತದ ಈ ಅನುಭವದಿಂದ ರೂಪುಗೊಂಡಿತು. ಮಣಿಯವರ ನೇತೃತ್ವದಲ್ಲಿಯೇ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ನಡೆದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಫಿನೊಬಾರ್ಬಿಟಾಲ್ ಮತ್ತು ಫಿನಿಟಾಯಿನ್‌ನಂಥ ಅಗ್ಗದ ಹಳೆಯ ಔಷಧಗಳಿಂದಲೇ ಹಳ್ಳಿಯ ಮಟ್ಟದಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಹೊಸ ಔಷಧಗಳ ಬಗ್ಗೆ ಜಗತ್ತು ಮಾತಾಡುತ್ತಿದ್ದ ಹೊತ್ತಿಗೆ ಬಂದ ಈ ಫಲಿತಾಂಶಕ್ಕೆ ಪಾಶ್ಚಾತ್ಯ ಇತಿಹಾಸಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಆ ಹೊಸ ಔಷಧಗಳು 1989ರಿಂದ ಒಂದರ ಹಿಂದೊಂದು ಬಂದವು: ವಿಗಾಬಟ್ರಿನ್, ಲ್ಯಾಮೊಟ್ರಿಜಿನ್, ಗಾಬಾಪೆಂಟಿನ್, ಟೋಪಿರಮೇಟ್, ಆಕ್ಸ್‌ಕಾರ್ಬಜೆಪಿನ್, ಲೆವೆಟಿರಾಸೆಟಮ್, ಲ್ಯಾಕೊಸಮೈಡ್. ಫೆಲ್ಬಮೇಟ್ 1993ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ಮರುವರ್ಷವೇ ರಕ್ತದ ಕಣಗಳು ತಯಾರಾಗದಂತೆ ಮಾಡುವ ಪ್ರಾಣಾಂತಿಕ ದುಷ್ಪರಿಣಾಮದಿಂದಾಗಿ ಮೂಲೆಗೆ ಸರಿಯಿತು. ಲೆವೆಟಿರಾಸೆಟಮ್ ಹಳೆಯ ಪ್ರಾಣಿಪರೀಕ್ಷೆಗಳಲ್ಲಿ ಸೋತಿತ್ತು. ಸೆಳವಿಗೆ ಮೊದಲೇ ಈಡಾಗಿದ್ದ ಪ್ರಾಣಿಗಳಲ್ಲಿ ಮಾತ್ರ ಅದು ಫಲ ಕೊಟ್ಟಿತು. ಈ ಔಷಧಗಳ ಪಟ್ಟಿಯಲ್ಲಿ ಬಹುತೇಕ ಎಲ್ಲದಕ್ಕೂ ‘ಭಾಗಶಃ ಸೆಳವಿಗೆ ಪೂರಕವಾಗಿ’ ಎಂಬ ಒಂದೇ ಅನುಮತಿ ಕಾಣುವುದನ್ನು ನೋಡಿ, ಇವೆಲ್ಲ ಆ ಬಗೆಗೇ ವಿಶೇಷವಾಗಿ ರೂಪಿಸಿದವೆಂದು ಓದುಗರು ತಿಳಿಯುವುದುಂಟು. ಕಾರಣ ಹೆಚ್ಚಾಗಿ ಪರೀಕ್ಷೆಯ ವಿಧಾನದಲ್ಲಿದೆ. ಅಪಸ್ಮಾರದ ರೋಗಿಗೆ ಬರೀ ಹುಸಿಗುಳಿಗೆ ಕೊಟ್ಟು ಕಾಯುವುದು ನೀತಿಗೆ ಒಪ್ಪದ್ದರಿಂದ, ಹಳೆಯ ಔಷಧಕ್ಕೆ ಬಗ್ಗದೆ ಮತ್ತೆ ಮತ್ತೆ ಸೆಳವು ಬರುತ್ತಿದ್ದವರಿಗೆ ಅದರ ಮೇಲೆಯೇ ಹೊಸದನ್ನೋ ಹುಸಿಗುಳಿಗೆಯನ್ನೋ ಸೇರಿಸಿ ಹೋಲಿಸುವುದು ರೂಢಿಯಾಯಿತು. ಅಂಥ ರೋಗಿಗಳಲ್ಲಿ ಭಾಗಶಃ ಸೆಳವಿನವರೇ ಹೆಚ್ಚು. ಈ ವಿಧಾನ ಔಷಧ ಏನೂ ಮಾಡದಿರುವುದಕ್ಕಿಂತ ಮೇಲೆಂದು ತೋರಿಸಬಲ್ಲದು, ಹಳೆಯದಕ್ಕಿಂತ ಮೇಲೆಂದು ತೋರಿಸಲಾರದು.

ಆ ಕೊರತೆಯನ್ನು ತುಂಬಿದ್ದು ಬ್ರಿಟನ್ನಿನ ಸನಾದ್ ಅಧ್ಯಯನಗಳು. ಆಂಥನಿ ಮಾರ್ಸನ್ ನೇತೃತ್ವದಲ್ಲಿ 2007ರಲ್ಲಿ ಪ್ರಕಟವಾದ ಮೊದಲನೆಯದು 1721 ರೋಗಿಗಳಲ್ಲಿ ಐದು ಔಷಧಗಳನ್ನು ನೇರವಾಗಿ ಹೋಲಿಸಿ, ಒಟ್ಟಾರೆ ನೋಟದಲ್ಲಿ ಲ್ಯಾಮೊಟ್ರಿಜಿನ್ ಅನ್ನು ಮೊದಲ ಆಯ್ಕೆಯ ಸ್ಥಾನದಲ್ಲಿರಿಸಿತು. ಕಾರ್ಬಮಜೆಪಿನ್ ಸೆಳವು ತಡೆಯುವುದರಲ್ಲಿ ಹಿಂದೆ ಬೀಳದಿದ್ದರೂ ಹೆಚ್ಚು ಮಂದಿ ಅದನ್ನು ತಾಳಲಾರದೆ ಬಿಟ್ಟಿದ್ದರು. ಅದರ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಎಲ್ಲರಿಗೂ ಕೊಟ್ಟಿರಲಿಲ್ಲವೆಂಬ ಆಕ್ಷೇಪ ಇಂದಿಗೂ ಚರ್ಚೆಯಲ್ಲಿದೆ. 2021ರ ಎರಡನೆಯ ಅಧ್ಯಯನದಲ್ಲಿ ಲೆವೆಟಿರಾಸೆಟಮ್ ಲ್ಯಾಮೊಟ್ರಿಜಿನ್‌ಗೆ ಸಮನೆಂದು ಸಿದ್ಧವಾಗಲಿಲ್ಲ. ಕಾರ್ಬಮಜೆಪಿನ್ ಬಗ್ಗೆ ಏಷ್ಯಾದಿಂದ ಬೇರೊಂದು ಎಚ್ಚರಿಕೆ ಬಂದಿತ್ತು: ಚರ್ಮವೇ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಎಂಬ ತೀವ್ರ ಪ್ರತಿಕ್ರಿಯೆಗೆ ಎಚ್‌ಎಲ್‌ಎ-ಬಿ*1502 ಎಂಬ ಆನುವಂಶಿಕ ಗುರುತಿನೊಂದಿಗೆ ಗಾಢ ನಂಟಿದೆಯೆಂದು ತೈವಾನಿನ ಸಂಶೋಧಕರು 2004ರಲ್ಲಿ ತೋರಿಸಿದರು, ಅಂಥದೇ ನಂಟು ಭಾರತೀಯರಲ್ಲೂ ಇರುವುದನ್ನು 2009ರ ಒಂದು ಚಿಕ್ಕ ಅಧ್ಯಯನ ಸೂಚಿಸಿತು.

ಇಷ್ಟೆಲ್ಲ ಔಷಧಗಳು ಬಂದರೂ ಸೆಳವಿನಿಂದ ಪೂರ್ತಿ ಮುಕ್ತರಾದವರ ಪಾಲು ಹೆಚ್ಚಿತೇ ಎಂಬ ಪ್ರಶ್ನೆಗೆ ಗ್ಲಾಸ್ಗೋ ನಗರದ ದಾಖಲೆಗಳು ಕಟುವಾದ ಉತ್ತರ ಕೊಡುತ್ತವೆ. ಎಲ್ಲ ಬಗೆಯ ಅಪಸ್ಮಾರವನ್ನೂ ಒಳಗೊಂಡ ಆ ದಾಖಲೆಗಳಿಂದ ಪ್ಯಾಟ್ರಿಕ್ ಕ್ವಾನ್ ಮತ್ತು ಮಾರ್ಟಿನ್ ಬ್ರೋಡಿ 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊಸದಾಗಿ ಚಿಕಿತ್ಸೆ ಆರಂಭಿಸಿದ 470 ಮಂದಿಯಲ್ಲಿ ಮೊದಲ ಔಷಧಕ್ಕೇ ಸೆಳವು ನಿಂತವರು ಶೇ. 47, ಎರಡನೆಯದಕ್ಕೆ ಶೇ. 13, ಮೂರನೆಯದರಿಂದ ಆದ ಲಾಭ ಅತ್ಯಲ್ಪ. 2018ರಲ್ಲಿ ಅದೇ ಕೇಂದ್ರ 1795 ರೋಗಿಗಳ ಮೂವತ್ತು ವರ್ಷಗಳ ದಾಖಲೆಯನ್ನು ತೆರೆದಿಟ್ಟಾಗಲೂ ಮುಕ್ತರಾದವರ ಪಾಲು ಸುಮಾರು ಮೂರನೆಯ ಎರಡರಷ್ಟರಲ್ಲೇ ಇತ್ತು. ಹೊಸ ಔಷಧಗಳಿಂದ ದುಷ್ಪರಿಣಾಮ ಕಡಿಮೆಯಾದದ್ದು, ಬೇರೆ ಔಷಧಗಳೊಂದಿಗೆ ಘರ್ಷಣೆ ತಗ್ಗಿದ್ದು ನಿಜವಾದ ಲಾಭ. ಆದರೆ ತಕ್ಕ ಎರಡು ಔಷಧಗಳಿಗೂ ಬಗ್ಗದ ಸೆಳವನ್ನು ಔಷಧನಿರೋಧಿ ಎಂದು ಪರಿಗಣಿಸಿ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ತಡಮಾಡದೆ ನೋಡಬೇಕೆಂದು ಹೇಳಲು ಈ ಅಂಕಿಗಳೇ ಆಧಾರವಾದವು.

ಈ ಚಿತ್ರವನ್ನು ಬದಲಿಸಬಹುದಾದ ಔಷಧವೆಂದು ಈಗ ಚರ್ಚೆಯಲ್ಲಿರುವುದು 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆನೊಬಮೇಟ್. 437 ರೋಗಿಗಳ ಒಂದು ಪರೀಕ್ಷೆಯಲ್ಲಿ, ದಿನಕ್ಕೆ 400 ಮಿಲಿಗ್ರಾಂ ಪಡೆದವರಲ್ಲಿ ಶೇ. 21ರಷ್ಟು ಮಂದಿಗೆ ಸ್ಥಿರ ಪ್ರಮಾಣದ ಹನ್ನೆರಡು ವಾರಗಳಲ್ಲಿ ಸೆಳವೇ ಬರಲಿಲ್ಲ. ಹುಸಿಗುಳಿಗೆ ಪಡೆದವರಲ್ಲಿ ಈ ಪಾಲು ಶೇ. 1. ಆದರೆ ಹನ್ನೆರಡು ವಾರಗಳ ಫಲವನ್ನು ವರ್ಷಗಟ್ಟಲೆ ಮುಕ್ತಿಯೊಂದಿಗೆ ಹೋಲಿಸಲಾಗದು, ಗ್ಲಾಸ್ಗೋದ ಅಂಕಿಗಳ ಪಕ್ಕದಲ್ಲಿ ಇವನ್ನು ಇಡುವಾಗ ಈ ವ್ಯತ್ಯಾಸವನ್ನು ಮರೆಯಬಾರದು. ಆರಂಭದ ಪರೀಕ್ಷೆಗಳಲ್ಲಿ ಪ್ರಮಾಣವನ್ನು ಬೇಗ ಏರಿಸಿದಾಗ ಮೂವರಿಗೆ ಚರ್ಮ ಮತ್ತು ಒಳಾಂಗಗಳನ್ನು ಬಾಧಿಸುವ ತೀವ್ರ ಅಲರ್ಜಿಯುಂಟಾಗಿ ಒಬ್ಬರು ಮೃತಪಟ್ಟರು, ಬಳಿಕ 12.5 ಮಿಲಿಗ್ರಾಂನಿಂದ ಆರಂಭಿಸಿ ಎರಡು ವಾರಕ್ಕೊಮ್ಮೆ ಮಾತ್ರ ಏರಿಸುವ ಕ್ರಮವನ್ನು 1339 ಮಂದಿಯಲ್ಲಿ ಅನುಸರಿಸಿದಾಗ ಅಂಥ ಒಂದು ಪ್ರಕರಣವೂ ಕಂಡುಬರಲಿಲ್ಲ, ಮತ್ತು ಈಗ ಬಳಕೆಯಲ್ಲಿರುವುದು ಅದೇ ಕ್ರಮ.