ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್

ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್ ಎಂಬುದು ಕಾರ್ಖಾನೆಯಲ್ಲಿ ತಯಾರಾದ ವಸ್ತುವೊಂದರ ಕಚ್ಚಾಸಾಮಗ್ರಿ, ಪರಿಸರದ ಮೇಲೆ ಅದು ಬೀರುವ ಪರಿಣಾಮ, ದುರಸ್ತಿ ಹಾಗೂ ಮರುಬಳಕೆಯ ವಿವರಗಳನ್ನು ಒಳಗೊಂಡ ವಿದ್ಯುನ್ಮಾನ ದಾಖಲೆಯಾಗಿದೆ. ವಸ್ತುವಿನ ಮೇಲೆ, ಅದರ ಹೊದಿಕೆಯ ಮೇಲೆ ಅಥವಾ ಜೊತೆಗಿನ ಕಾಗದದ ಮೇಲೆ ಮುದ್ರಿಸಿದ ಕ್ಯೂಆರ್ ಕೋಡ್‌ನಂತಹ ಗುರುತಿನ ಮೂಲಕ ಇದನ್ನು ತೆರೆದು ಓದಬಹುದು. ಐರೋಪ್ಯ ಒಕ್ಕೂಟವು ತನ್ನ ಮಾರುಕಟ್ಟೆಗೆ ಬರುವ ಉತ್ಪನ್ನಗಳಿಗೆ ಇದನ್ನು ಹಂತಹಂತವಾಗಿ ಕಡ್ಡಾಯಗೊಳಿಸುತ್ತಿದೆ. ಹೆಸರು ಪಾಸ್‌ಪೋರ್ಟ್ ಎಂದಿದ್ದರೂ ಇದು ಒಮ್ಮೆ ಪಡೆದು ಪೆಟ್ಟಿಗೆಯಲ್ಲಿ ಇಡುವ ಪರವಾನಗಿಯಲ್ಲ. ವಿದ್ಯಾರ್ಥಿಯ ಪ್ರಗತಿಪತ್ರದಂತೆ, ವಸ್ತು ಬಳಕೆಯಲ್ಲಿರುವಷ್ಟು ಕಾಲ ಅದರೊಡನೆ ಸಾಗುವ ದಾಖಲೆ.

ಹಿನ್ನೆಲೆ

2009ರ ಪರಿಸರಸ್ನೇಹಿ ವಿನ್ಯಾಸ ನಿರ್ದೇಶನವು ರೆಫ್ರಿಜರೇಟರ್, ಬಟ್ಟೆ ಒಗೆಯುವ ಯಂತ್ರ, ವಿದ್ಯುದ್ದೀಪ ಮುಂತಾದ ಶಕ್ತಿಸಂಬಂಧಿ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅದರ ಸ್ಥಾನದಲ್ಲಿ 2024/1781 ಸಂಖ್ಯೆಯ ನಿಯಮಾವಳಿ 2024ರ ಜುಲೈ 18ರಂದು ಜಾರಿಗೆ ಬಂದಿತು. ಆಹಾರ, ಪಶು ಆಹಾರ, ಔಷಧ ಮೊದಲಾದವುಗಳನ್ನು ಬಿಟ್ಟು ಬಹುತೇಕ ಎಲ್ಲ ಭೌತಿಕ ಸರಕುಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಆದರೆ ಇದು ಚೌಕಟ್ಟು ಮಾತ್ರ. ಯಾವ ವಸ್ತುವಿನ ಬಗ್ಗೆ ಏನನ್ನು ತಿಳಿಸಬೇಕು ಎಂಬುದನ್ನು ಆಯಾ ಸರಕಿಗೆ ಪ್ರತ್ಯೇಕವಾಗಿ ಹೊರಡುವ ಉಪನಿಯಮಗಳು ನಿರ್ಧರಿಸುತ್ತವೆ. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಮೊದಲ ಕಾರ್ಯಯೋಜನೆಯು ಉಕ್ಕು, ಅಲ್ಯೂಮಿನಿಯಂ, ಉಡುಪು, ಪೀಠೋಪಕರಣ, ಟೈರ್ ಮತ್ತು ಹಾಸಿಗೆಗಳಿಗೆ ಆದ್ಯತೆ ನೀಡಿದೆ.

ಬ್ಯಾಟರಿ: ಮೊದಲ ಪ್ರಯೋಗ

ಪಾಸ್‌ಪೋರ್ಟಿಗೆ ಮೊದಲು ಖಚಿತ ದಿನಾಂಕ ಗೊತ್ತಾದದ್ದು ಬ್ಯಾಟರಿಗಳಿಗೆ. 2023/1542 ಸಂಖ್ಯೆಯ ಪ್ರತ್ಯೇಕ ನಿಯಮಾವಳಿಯ ಪ್ರಕಾರ ವಿದ್ಯುತ್ ವಾಹನಗಳ ಬ್ಯಾಟರಿ, ವಿದ್ಯುತ್ ಸೈಕಲ್‌ನಂತಹ ಲಘು ವಾಹನಗಳ ಬ್ಯಾಟರಿ ಹಾಗೂ 2 ಕಿಲೋವ್ಯಾಟ್-ಗಂಟೆಗಿಂತ ಹೆಚ್ಚಿನ ಸಾಮರ್ಥ್ಯದ ಕೈಗಾರಿಕಾ ಬ್ಯಾಟರಿಗಳಿಗೆ 2027ರ ಫೆಬ್ರವರಿ 18ರಿಂದ ಪಾಸ್‌ಪೋರ್ಟ್ ಇರಲೇಬೇಕು. ಇದರಲ್ಲಿನ ಎಲ್ಲ ಮಾಹಿತಿಯೂ ಎಲ್ಲರಿಗೂ ತೆರೆದಿರುವುದಿಲ್ಲ. ಕೆಲವು ಸಾರ್ವಜನಿಕರಿಗೆ, ಕೆಲವು ದುರಸ್ತಿ ಮತ್ತು ಮರುಬಳಕೆ ಮಾಡುವಂತಹ ನ್ಯಾಯಯುತ ಆಸಕ್ತಿ ಉಳ್ಳವರಿಗೆ, ಇನ್ನು ಕೆಲವು ತಪಾಸಣಾ ಅಧಿಕಾರಿಗಳಿಗೆ ಮಾತ್ರ ಲಭ್ಯ. ಬ್ಯಾಟರಿಯನ್ನು ಬೇರೊಂದು ಉದ್ದೇಶಕ್ಕೆ ಮಾರ್ಪಡಿಸಿದಾಗ ಹಳೆಯದಕ್ಕೆ ಜೋಡಿಸಿದ ಹೊಸ ಪಾಸ್‌ಪೋರ್ಟ್ ಹುಟ್ಟುತ್ತದೆ. ಬ್ಯಾಟರಿಯ ಮರುಸಂಸ್ಕರಣೆಯಾದ ಮೇಲೆ ಪಾಸ್‌ಪೋರ್ಟ್ ಸಹ ಕೊನೆಗೊಳ್ಳುತ್ತದೆ.

ತಯಾರಕರ ಸಿದ್ಧತೆ

ಕ್ಯೂಆರ್ ಕೋಡ್ ಮುದ್ರಿಸುವುದು ಸುಲಭದ ಕೆಲಸ. ಅದರ ಹಿಂದಿರಬೇಕಾದ ಅಂಕಿಗಳನ್ನು ಕೂಡಿಸುವುದು ಕಷ್ಟ. ಪರಿಸರ ಪರಿಣಾಮವನ್ನು ಲೆಕ್ಕಹಾಕುವ ವಿಧಾನಕ್ಕೆ ಜೀವನಚಕ್ರ ವಿಶ್ಲೇಷಣೆ ಎಂದು ಹೆಸರು. ಇದರ ಸಾಮಾನ್ಯ ತತ್ತ್ವಗಳು ಐಎಸ್‌ಒ 14040 ಮತ್ತು 14044 ಮಾನಕಗಳಲ್ಲಿವೆ. ಉತ್ಪನ್ನದ ಇಂಗಾಲದ ಹೆಜ್ಜೆಗುರುತಿಗೆ ಐಎಸ್‌ಒ 14067 ಇದೆ.

ಉದಾಹರಣೆಗೆ, ಒಂದು ಹೊಲಿಗೆ ಘಟಕವು ತಿಂಗಳಿಗೆ 10,000 ಯೂನಿಟ್ ವಿದ್ಯುತ್ ಬಳಸಿ 5,000 ಅಂಗಿ ತಯಾರಿಸುತ್ತದೆ ಎಂದುಕೊಳ್ಳೋಣ. ಅಂಗಿಯೊಂದಕ್ಕೆ 2 ಯೂನಿಟ್ ಆಯಿತು. ಯೂನಿಟ್ಟಿಗೆ 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಹೊಲಿಗೆಯ ಪಾಲು 1.4 ಕಿಲೋಗ್ರಾಂ. ಅದೇ ಘಟಕದಲ್ಲಿ ಪ್ಯಾಂಟುಗಳೂ ತಯಾರಾಗುತ್ತಿದ್ದು, ಎರಡಕ್ಕೂ ಒಂದೇ ಮೀಟರ್ ಇದ್ದರೆ? ಐಎಸ್‌ಒ 14044ರ ಪ್ರಕಾರ ಸಾಧ್ಯವಿದ್ದಲ್ಲಿ ಪ್ರಕ್ರಿಯೆಗಳನ್ನು ಬಿಡಿಸಿ ಬೇರೆಬೇರೆಯಾಗಿ ಅಳೆಯಬೇಕು; ಆಗದಿದ್ದರೆ ತೂಕದಂತಹ ಭೌತಿಕ ಸಂಬಂಧದ ಆಧಾರದ ಮೇಲೆ ಹಂಚಬೇಕು; ಅದೂ ಆಗದಿದ್ದರೆ ಮಾತ್ರ ಬೆಲೆಯಂತಹ ಬೇರೆ ಆಧಾರವನ್ನು ಹಿಡಿಯಬೇಕು. ಆದುದರಿಂದ ವಿಭಾಗಕ್ಕೊಂದು ಉಪಮೀಟರ್ ಅಳವಡಿಸಿ, ವಿದ್ಯುತ್ ಮತ್ತು ಇಂಧನದ ಬಿಲ್ಲುಗಳನ್ನು ತಿಂಗಳವಾರು ಜೋಡಿಸಿಡುವುದೇ ಸಿದ್ಧತೆಯ ಮೊದಲ ಪಾಠ.

ಅಂಗಿಯ ಹೊರೆಯ ದೊಡ್ಡ ಭಾಗವು ಹೊಲಿಗೆಗೆ ಮೊದಲೇ, ಅಂದರೆ ಹತ್ತಿ ಬೆಳೆಯುವಲ್ಲಿ, ನೂಲುವಲ್ಲಿ, ನೇಯ್ಗೆಯಲ್ಲಿ ಮತ್ತು ಬಣ್ಣ ಹಾಕುವಲ್ಲಿ ಸೇರಿರುತ್ತದೆ. ಆ ಅಂಕಿಗಳು ಬೇರೆಯವರ ಕೈಯಲ್ಲಿರುತ್ತವೆ. ಸರಬರಾಜುದಾರನು ಅಳೆದ ಅಂಕಿ ಕೊಡದಿದ್ದರೆ ದತ್ತಾಂಶ ಸಂಗ್ರಹಗಳ ಸರಾಸರಿಯನ್ನು ಬಳಸಬೇಕಾಗುತ್ತದೆ. ಇಲ್ಲಿಯೇ ಅನ್ಯಾಯಕ್ಕೆ ಅವಕಾಶವಿದೆ: ನೀರು ಮತ್ತು ಉರುವಲನ್ನು ಉಳಿಸಿದ ಸಣ್ಣ ಬಣ್ಣದ ಕಾರ್ಖಾನೆಯು ತನ್ನ ಉಳಿತಾಯವನ್ನು ಬರೆದಿಡದ ಒಂದೇ ಕಾರಣಕ್ಕೆ ಉಳಿದವರೊಡನೆ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತದೆ. ಉಪಮೀಟರ್, ಲೆಕ್ಕಪತ್ರ, ಪರಿಶೀಲಕರ ಶುಲ್ಕ ಇವು ದೊಡ್ಡ ಕಂಪನಿಗೆ ಅಲ್ಪ ವೆಚ್ಚ, ಹತ್ತು ಯಂತ್ರಗಳ ಘಟಕಕ್ಕೆ ದೊಡ್ಡ ಹೊರೆ.

ಭಾರತದ ಸಂದರ್ಭ

ಆಮದಾದ ಸರಕಿಗೂ ಸ್ಥಳೀಯ ಸರಕಿಗೂ ನಿಯಮ ಒಂದೇ ಆದುದರಿಂದ ಯುರೋಪಿಗೆ ರಫ್ತು ಮಾಡುವ ಭಾರತೀಯ ತಯಾರಕರಿಗೂ ಇದು ಸಂಬಂಧಿಸುತ್ತದೆ. ಉಡುಪು ಆದ್ಯತೆಯ ಪಟ್ಟಿಯಲ್ಲಿರುವುದರಿಂದ ಬೆಂಗಳೂರಿನ ಸಿದ್ಧ ಉಡುಪು ಉದ್ಯಮವೂ ಇದರಿಂದ ಹೊರತಲ್ಲ. ಭಾರತದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವ ಕಾರಣ, ಅಷ್ಟೇ ಯೂನಿಟ್ ಬಳಸಿದರೂ ಇಲ್ಲಿನ ವಸ್ತುವಿನ ಇಂಗಾಲದ ಲೆಕ್ಕ ಜಲವಿದ್ಯುತ್ ಪ್ರಧಾನವಾದ ದೇಶಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಭಾರತದಲ್ಲಿ ಸೆಬಿಯು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ನೋಂದಾಯಿತ ಕಂಪನಿಗಳಿಗೆ 2022–23ರಿಂದ ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿದೆ. ಆದರೆ ಅದು ಇಡೀ ಕಂಪನಿಯ ಲೆಕ್ಕವೇ ಹೊರತು ಒಂದೊಂದು ಉತ್ಪನ್ನದ್ದಲ್ಲ.

ಇಂಗಾಲ ಗಡಿ ಸುಂಕದೊಡನೆ ವ್ಯತ್ಯಾಸ

ಐರೋಪ್ಯ ಒಕ್ಕೂಟದ ಇಂಗಾಲ ಗಡಿ ಹೊಂದಾಣಿಕೆ ವ್ಯವಸ್ಥೆಯನ್ನು ಈ ಪಾಸ್‌ಪೋರ್ಟಿನೊಡನೆ ಬೆರೆಸಿ ಹೇಳುವುದುಂಟು. ಅದು ಬೇರೆಯೇ ಕಾನೂನು. ಸಿಮೆಂಟ್, ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ಜಲಜನಕ ಹಾಗೂ ವಿದ್ಯುತ್ತಿಗೆ ಅನ್ವಯಿಸುವ ಅದರಲ್ಲಿ 2023ರ ಅಕ್ಟೋಬರ್ 1ರಿಂದ ವರದಿ ಸಲ್ಲಿಕೆ ಆರಂಭವಾಗಿ, 2026ರ ಜನವರಿ 1ರಿಂದ ಬರುವ ಆಮದುಗಳಿಗೆ ಹಣ ತೆರುವ ಹೊಣೆಯೂ ಸೇರಿದೆ. ಪಾಸ್‌ಪೋರ್ಟಿನಲ್ಲಿ ಸುಂಕವಿಲ್ಲ, ಆದರೆ ಅದು ಕಡ್ಡಾಯವಾದ ಸರಕನ್ನು ಅದಿಲ್ಲದೆ ಆ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ.