ವಾಟ್ಸ್ಆ್ಯಪ್‌ನಲ್ಲಿ ಬಂದ ಮ್ಯಾಚ್ ಟಿಕೆಟ್: ಕ್ಯುಆರ್ ಕೋಡ್ ಇದ್ದರೆ ಅಸಲಿಯೇ?

"ಚಿನ್ನಸ್ವಾಮಿ ಮ್ಯಾಚಿನ ಎರಡು ಟಿಕೆಟ್ ಉಳಿದಿವೆ. ಅರ್ಜೆಂಟ್ ಕೆಲಸ ಬಂತು, ಹೋಗಲು ಆಗುತ್ತಿಲ್ಲ. ಮೊದಲು ದುಡ್ಡು ಹಾಕಿದವರಿಗೆ." ಐಪಿಎಲ್ ಶುರುವಾದರೆ ಸಾಕು, ಇಂಥ ಸಂದೇಶಗಳು ಬೆಂಗಳೂರು ದಾಟಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮೊಬೈಲುಗಳಿಗೂ ಬರುತ್ತವೆ. ಬೆಲೆ ಎರಡು ಮೂರು ಪಟ್ಟು. ಜೊತೆಗೆ ಟಿಕೆಟ್‌ನ ಸ್ಕ್ರೀನ್‌ಶಾಟ್. ಅದರಲ್ಲಿ ಕ್ಯುಆರ್ ಕೋಡ್ ಕಂಡರೆ ಮೋಸವಿಲ್ಲ ಎಂದು ಹಲವರು ನಂಬುತ್ತಾರೆ. ಈ ನಂಬಿಕೆ ತಪ್ಪು.

ಕ್ಯುಆರ್ ಕೋಡ್ ಎಂದರೆ ಚುಕ್ಕೆಗಳಲ್ಲಿ ಬರೆದ ಒಂದು ಸಂಖ್ಯೆ, ಅಷ್ಟೇ. ಗೇಟಿನ ಯಂತ್ರ ಆ ಸಂಖ್ಯೆಯನ್ನು ಆಯೋಜಕರ ಕಂಪ್ಯೂಟರಿನಲ್ಲಿ ಹುಡುಕುತ್ತದೆ: ಇದು ಮಾರಾಟವಾದ ಟಿಕೆಟ್ಟೇ? ಇದರ ಮೇಲೆ ಯಾರಾದರೂ ಆಗಲೇ ಒಳಗೆ ಹೋಗಿದ್ದಾರೆಯೇ? ಅಸಲಿ ಟಿಕೆಟ್‌ನ ಸ್ಕ್ರೀನ್‌ಶಾಟನ್ನೇ ಹತ್ತು ಜನರಿಗೆ ಮಾರಿದರೆ, ಮೊದಲು ಬಂದವನು ಒಳಗೆ, ಉಳಿದ ಒಂಬತ್ತು ಮಂದಿ ಹೊರಗೆ. ಹಿಂದೆ ಟಾಕೀಸಿನ ಮುಂದೆ ಬ್ಲ್ಯಾಕ್‌ನಲ್ಲಿ ಮಾರುತ್ತಿದ್ದವನು ದುಬಾರಿಯಾದರೂ ಕೈಗೆ ಚೀಟಿ ಕೊಡುತ್ತಿದ್ದ. ಒಂದೇ ಚೀಟಿಯನ್ನು ಇಬ್ಬರಿಗೆ ಕೊಡಲು ಅವನಿಂದಲೂ ಆಗುತ್ತಿರಲಿಲ್ಲ. ವಿಜಯಪುರದಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದವರಿಗೆ ನಿಜ ತಿಳಿಯುವುದು ಗೇಟಿನಲ್ಲೇ.

ಕೆಲವು ಆಯೋಜಕರು ಈಗ ಕ್ಯುಆರ್ ಅನ್ನು ಆ್ಯಪ್‌ನಲ್ಲಿ ಮಾತ್ರ, ಆಗಾಗ ಬದಲಾಗುವಂತೆ ತೋರಿಸುತ್ತಾರೆ. ಅಂಥ ಕಡೆ ಸ್ಕ್ರೀನ್‌ಶಾಟ್‌ಗೆ ಬೆಲೆಯೇ ಇಲ್ಲ.

ಬ್ಲ್ಯಾಕ್ ಹುಟ್ಟುವುದೇಕೆ? ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 40,000 ಜನರಿಗೂ ಜಾಗವಿಲ್ಲ. ಅದರಲ್ಲೂ ಒಂದು ಪಾಲು ಕ್ರಿಕೆಟ್ ಸಂಸ್ಥೆಯ ಸದಸ್ಯರು, ಕ್ಲಬ್‌ಗಳು, ಪ್ರಾಯೋಜಕರು ಮತ್ತು ಉಚಿತ ಪಾಸ್‌ಗಳಿಗೆ ಹೋಗುತ್ತದೆ. ಟಿಕೆಟ್ ನಿಮಿಷಗಳಲ್ಲಿ ಖಾಲಿಯಾದದ್ದಕ್ಕೆಲ್ಲ 'ಬಾಟ್' ಕಾರಣ ಎನ್ನುವುದು ಅರ್ಧ ಸತ್ಯ. 2024ರ ಸೆಪ್ಟೆಂಬರ್ 22ರಂದು ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮಗಳ ಟಿಕೆಟ್ ಮಾರಾಟಕ್ಕೆ ಬಂದಾಗ ಸಾವಿರಗಳ ಟಿಕೆಟ್‌ಗೆ ಮರುಮಾರಾಟದಲ್ಲಿ ಲಕ್ಷಗಳ ಬೆಲೆ ಕಾಣಿಸಿಕೊಂಡಿತು. ಮುಂದಿನ ತಿಂಗಳು ಜಾರಿ ನಿರ್ದೇಶನಾಲಯ ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿ ಶೋಧ ನಡೆಸಿ, ವಾಟ್ಸ್ಆ್ಯಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂ ಮೂಲಕ ನಕಲಿ ಟಿಕೆಟ್‌ಗಳೂ ಮಾರಾಟವಾಗಿವೆ ಎಂದಿತು.

ಇದು ಅಪರಾಧವೇ? ರೈಲಿನ ವಿಷಯದಲ್ಲಿ ಕಾನೂನು ಸ್ಪಷ್ಟ. ಅನುಮತಿಯಿಲ್ಲದೆ ರೈಲು ಟಿಕೆಟ್ ದಂಧೆ ಮಾಡಿದರೆ 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ ₹10,000ವರೆಗೆ ದಂಡ, ಇಲ್ಲವೇ ಎರಡೂ. ಮ್ಯಾಚು, ಸಂಗೀತ ಕಾರ್ಯಕ್ರಮಗಳಿಗೆ ಇಂಥ ಕೇಂದ್ರ ಕಾಯ್ದೆ ಇಲ್ಲ. ಅದನ್ನು ಕೋರಿದ್ದ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಹಾಗಂತ ಮಾರುವವರು ಪಾರಾಗುತ್ತಾರೆ ಎಂದಲ್ಲ. ಐಪಿಎಲ್ ವೇಳೆ ಬೆಂಗಳೂರು ಪೊಲೀಸರು ಬ್ಲ್ಯಾಕ್ ಟಿಕೆಟ್ ಮಾರುವವರನ್ನು ಹಲವು ಬಾರಿ ಹಿಡಿದಿದ್ದಾರೆ. ನಕಲಿ ಟಿಕೆಟ್ ಮಾರಿದರೆ ಅದು ನೇರವಾಗಿ ವಂಚನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ ಫುಟ್‌ಬಾಲ್ ಟಿಕೆಟ್‌ನ ಅನಧಿಕೃತ ಮರುಮಾರಾಟ 1994ರಿಂದಲೇ ಅಪರಾಧ.

'ಉಚಿತ ಪಾಸ್' ಸಂದೇಶಗಳನ್ನು ಮುಂದಕ್ಕೆ ಕಳಿಸುವ ಮುನ್ನ 2025ರ ಜೂನ್ 4 ನೆನಪಿರಲಿ. ಆರ್‌ಸಿಬಿ ವಿಜಯೋತ್ಸವದ ದಿನ ಪಾಸ್ ಬೇಕೋ ಬೇಡವೋ ಎಂಬ ಗೊಂದಲದ ನಡುವೆ ಕ್ರೀಡಾಂಗಣದ ಗೇಟುಗಳಿಗೆ ಜನ ನುಗ್ಗಿದರು. ಕಾಲ್ತುಳಿತದಲ್ಲಿ 11 ಮಂದಿ ಸತ್ತರು.

ಟಿಕೆಟ್ ಬೇಕಿದ್ದರೆ ತಂಡದ ಅಥವಾ ಆಯೋಜಕರ ಅಧಿಕೃತ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಬಂದ ಲಿಂಕ್ ಒತ್ತಬೇಡಿ. "ಹಣ ವಾಪಸ್ ಹಾಕುತ್ತೇವೆ, ಪಿನ್ ಒತ್ತಿ" ಎಂದರೆ ಅದು ಎರಡನೇ ಮೋಸ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಈಗಾಗಲೇ ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಆ ಖಾತೆಯಿಂದ ಮುಂದೆ ಸಾಗುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯಲು ಸಾಧ್ಯವಿದೆ. ವಹಿವಾಟಿನ ಸಂಖ್ಯೆ ಮತ್ತು ಮಾರಿದವನ ಮೊಬೈಲ್ ಸಂಖ್ಯೆ ಕೈಯಲ್ಲಿರಲಿ, ಚಾಟ್ ಅಳಿಸಬೇಡಿ.