ಹತೋಟಿ ಯಾರ ಕೈಯಾಗ?

ನಿನ್ನ ಬದುಕಿನಲ್ಲಿ ಆಗುವುದು ನಿನ್ನ ದುಡಿಮೆಯಿಂದಲೋ, ಇಲ್ಲಾ ಹಣೆಬರಹದಿಂದ, ದೊಡ್ಡವರ ಮರ್ಜಿಯಿಂದಲೋ? 1966ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜೂಲಿಯನ್ ರಾಟರ್ ಇಂಥ ಪ್ರಶ್ನೆಗಳ ಒಂದು ಅಳತೆಗೋಲು ಪ್ರಕಟಿಸಿದ. ಹತೋಟಿ ತನ್ನೊಳಗಿದೆ ಎಂದು ನಂಬಿದವರು ಒಂದು ಕಡೆ, ಹೊರಗಿದೆ ಎಂದವರು ಇನ್ನೊಂದು ಕಡೆ. ಮೊದಲಿನವರು ಹುರುಪಿನವರು, ಎರಡನೆಯವರು ಕೈಚೆಲ್ಲಿ ಕೂತವರು ಅನ್ನೋ ಮಾತೂ ಅದರ ಬೆನ್ನಿಗೇ ಬಂತು.

ಗೆಳೆಯರೇ, ಈ ಅಳತೆಗೋಲನ್ನ ಒಮ್ಮೆ ಹುಬ್ಬಳ್ಳಿ ಸೆಟ್ಲಮೆಂಟಿಗೆ ಒಯ್ದು ನೋಡೋಣ.

ಬ್ರಿಟಿಷರು 1871ರಲ್ಲಿ 'ಅಪರಾಧಿ ಬುಡಕಟ್ಟು'ಗಳ ಕಾಯ್ದೆ ತಂದರು. 1911ರಲ್ಲಿ ಅದನ್ನು ಬಿಗಿ ಮಾಡಿ ದೇಶಕ್ಕೆಲ್ಲ ಹಬ್ಬಿಸಿದರು. ಮುಂದೆ ಮುಂಬಯಿ ಪ್ರಾಂತ್ಯದ ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಗಂಟಿಚೋರ, ಕೊರಚ, ಹರಣಶಿಕಾರಿ ಮಂದೀನ ತಂದು ಕೂಡಿಹಾಕಿದರು. ಅವರು ಕದ್ದಿರಬೇಕೆಂದೇನೂ ಇರಲಿಲ್ಲ, ಆ ಜಾತಿಯಲ್ಲಿ ಹುಟ್ಟಿದ್ದರೆ ಸಾಕಿತ್ತು. (ಜಾತಿ ಹೆಸರಿನಾಗ 'ಚೋರ' ಅಂತ ಕೂತಮ್ಯಾಲೆ ಸಾಕ್ಷಿ ಯಾತಕ್ಕ?)

ಬೆರಳಚ್ಚು, ಹಾಜರಿ, ಪಾಸು. ಪಾಸಿಲ್ಲದೆ ಗಡಿ ದಾಟಿದರೆ ಜೇಲು. 1924ರ ಕಾಯ್ದೆಯಂತೂ ಮಕ್ಕಳನ್ನು ತಾಯಿ-ತಂದೆಯಿಂದ ಬೇರ್ಪಡಿಸಿ ಇಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಪ್ರಾಂತ್ಯದ ಸೆಟ್ಲಮೆಂಟುಗಳ ಅಧಿಕಾರಿಯಾಗಿದ್ದ ಸ್ಟಾರ್ಟೆ ಸಾಹೇಬ ಇದನ್ನು ಸುಧಾರಣೆ ಎಂದ. ಆ ಸುಧಾರಣೆಯ ಜಾಣತನ ನೋಡಿರಿ: ಹೇಳಿದಂಗ ಕೇಳಿ, ಗಿರಣಿ ಕೆಲಸಕ್ಕ ಹೋಗಿ, ತಂಟೆ ಮಾಡದೆ ಇದ್ದವನಿಗೆ ತಂತಿಬೇಲಿಯ ಆಚೆ ಮನಿ. ತಪ್ಪಿದರೆ ಮತ್ತೆ ಒಳಗೆ. ಮನುಷ್ಯ ತನ್ನನ್ನು ತಾನೇ ಕಾಯೋ ಪೊಲೀಸನಾಗಬೇಕು, ಅದು ಲೆಕ್ಕ.

ಅಲ್ಲಿಯ ಹೆಣ್ಣುಮಗಳೊಬ್ಬಳು 'ನನ್ನ ಕೈಯಾಗ ಏನೈತ್ರಿ' ಅಂದಿದ್ದರೆ ಅದು ಮನಸ್ಸಿನ ದೌರ್ಬಲ್ಯವೋ, ಕಣ್ಣಾರೆ ಕಂಡ ಸತ್ಯವೋ? ರಾಟರನ ಕೋಲು ಹಣೆಬರಹವನ್ನೂ ಧಣಿಯನ್ನೂ ಒಂದೇ ಗಂಟು ಕಟ್ಟಿತ್ತು. 1970ರ ದಶಕದಲ್ಲಿ ಹ್ಯಾನಾ ಲೆವೆನ್ಸನ್ ಎಂಬಾಕೆ ಆ ಗಂಟು ಬಿಚ್ಚಿದರು: ಅದೃಷ್ಟ ಬೇರೆ, ಬಲಾಢ್ಯರ ಹಿಡಿತ ಬೇರೆ. ಬಲಾಢ್ಯರ ಕೈವಾಡ ಗುರುತಿಸಿದವರು ಕೈಕಟ್ಟಿ ಕೂಡಬೇಕೆಂದೇನೂ ಇಲ್ಲ. ನಮ್ಮ ಮಂದಿಗೆ ಇದು ಹೊಸದಲ್ಲ ಬಿಡ್ರಿ. ತಂತಿಬೇಲಿಯನ್ನು ಬ್ರಹ್ಮ ಬರೆದಿರಲಿಲ್ಲ. ಅದನ್ನು ಹಾಕಿಸಿದವರಿಗೆ ಹೆಸರಿತ್ತು, ಹುದ್ದೆಯಿತ್ತು, ಪಗಾರವಿತ್ತು.

1949ರಲ್ಲಿ ಮುಂಬಯಿ ಪ್ರಾಂತ್ಯ, 1952ರಲ್ಲಿ ಇಡೀ ದೇಶ ಆ ಕಾಯ್ದೆ ಕಿತ್ತುಹಾಕಿತು. 1961ರಲ್ಲಿ ಆಗಿನ ಮೈಸೂರು ರಾಜ್ಯ 'ರೂಢಿಗತ ಅಪರಾಧಿ'ಗಳ ಕಾಯ್ದೆ ಮಾಡಿತು. ಹೆಸರು ಬದಲಾತು, ದಫ್ತರ ಉಳೀತು. ಹುಬ್ಬಳ್ಳಿಯೊಳಗ 'ಸೆಟ್ಲಮೆಂಟ್' ಅನ್ನೋದು ಇವತ್ತಿಗೂ ಓಣಿಯ ವಿಳಾಸ. ಸಾಲಿ ಹುಡುಗರು ಅರ್ಜಿಯ ಮ್ಯಾಲೆ ಅದನ್ನ ಬರೀತಾರ.